ಗಗನ ಹಾಕದ ಸಹಿ

ಗಗನ ಬೆಂಗಳೂರಿನ ದೊಡ್ಡ ಲಾ ಫರ್ಮನ್ನು ಬಿಟ್ಟದ್ದು ಒಂದೇ ಒಂದು ಮಾತಿಗೆ. ಆಡಿದವನಿಗೆ ಅದು ನೆನಪಿನಲ್ಲಿ ಇಟ್ಟುಕೊಳ್ಳುವಂಥ ಮಾತೂ ಆಗಿರಲಿಲ್ಲ. ಆಡಿ ಮುಗಿಸಿ ಕಾಫಿ ಲೋಟಕ್ಕೆ ಕೈ ಚಾಚಿದ್ದ.

ಒಂಬತ್ತು ವರ್ಷ ಅವಳು ಅಲ್ಲಿ ದುಡಿದಿದ್ದಳು. ಒಬ್ಬರ ಸರಕಿನ ಹೆಸರನ್ನು ಇನ್ನೊಬ್ಬರು ಬಳಸಿದರೆ ಅವರಿಗೆ ನೋಟೀಸು ಬರೆಯುವುದು, ಬಗ್ಗದಿದ್ದರೆ ದಾವೆ ತಯಾರಿಸುವುದು ಅವಳ ವಿಭಾಗದ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಏಳುವ ಹೊತ್ತು ಇಂಥದ್ದೇ ಅಂತ ಇರಲಿಲ್ಲ. ಅವಳು ಬರೆದ ದಾವೆಗಳನ್ನು ಹಿಡಿದುಕೊಂಡು ಬೇರೆಯವರು ಕೋರ್ಟಿನಲ್ಲಿ ನಿಂತು ಮಾತಾಡಿದರು, ಗೆದ್ದರು, ಶಹಬ್ಬಾಸ್ ಅನ್ನಿಸಿಕೊಂಡರು. ಆಗಲಿ, ತನ್ನ ಸರದಿಯೂ ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಸುಪ್ರೀತನ ಸರದಿ. ಅವಳಿಗಿಂತ ನಾಲ್ಕು ವರ್ಷ ತಡವಾಗಿ ಸೇರಿದವನು, ದಾವೆಯ ಪ್ಯಾರಾಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದನ್ನೂ ಅವಳ ಹತ್ತಿರವೇ ಕಲಿತವನು, ಆ ಏಪ್ರಿಲ್‌ನಲ್ಲಿ ಪಾರ್ಟ್‌ನರ್ ಆದ.

ವಿಭಾಗದ ಮುಖ್ಯಸ್ಥ ಸಂಜಯ್ ಅವಳನ್ನು ಕೋಣೆಗೆ ಕರೆದು ಸಮಾಧಾನ ಹೇಳಿದ.

"ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲ, ಗಗನ. ಆದ್ರೆ ಪಾರ್ಟ್‌ನರ್ ಅಂದ್ರೆ ಕ್ಲೈಂಟ್ ಎದುರು ಕೂರೋ ಮುಖ. ನಿನಗೆ ಇನ್ನೊಂಚೂರು ಪಾಲಿಶ್ ಬೇಕು."

ಪಾಲಿಶ್ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತನೆಯ ತರಗತಿಯವರೆಗೆ ಮೈಸೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಅವಳ ಇಂಗ್ಲಿಷು ಕಾಗದದ ಮೇಲೆ ಎಷ್ಟು ನಯವಾಗಿದ್ದರೂ ಬಾಯಿಗೆ ಬಂದಾಗ ಊರಿನ ಗುರುತು ಹೇಳುತ್ತಿತ್ತು.

"ಪಾಲಿಶ್ ಬೇಕಾಗೋದು ಬೂಟಿಗೆ ಸರ್," ಎಂದಳು. "ನಾನು ಲಾಯರ್."

ಸಂಜಯ್ ನಕ್ಕ. ಅವನ ಮಾತಿಗಿಂತ ಆ ನಗು ಹೆಚ್ಚು ಉರಿಸಿತು.

ಎರಡು ತಿಂಗಳಿಗೆ ಮೈಸೂರಿನಿಂದ ವಿಜಯ್‌ಕುಮಾರನ ಫೋನು ಬಂತು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸೋಪು, ಕೇಶತೈಲ, ಸೀಗೆಪುಡಿ ತಯಾರಿಸುವ 'ಸಿರಿಮುಡಿ' ಕಂಪನಿಯ ಯಜಮಾನ ಅವನು. ತಂದೆ ಎರಡು ಕೋಣೆಯಲ್ಲಿ ಶುರುಮಾಡಿದ್ದನ್ನು ಎರಡು ಎಕರೆಗೆ ಹಬ್ಬಿಸಿದವನು. ಫರ್ಮಿನ ಹಳೆಯ ಕ್ಲೈಂಟು.

"ನಮ್ಮ ಕೇಸೆಲ್ಲ ಬರೆಯೋದು ನೀವೇ ಅಂತ ನನಗೆ ಗೊತ್ತು ಕಣ್ರೀ," ಎಂದ. "ನಮ್ಮ ಕಂಪನಿಗೇ ಬಂದುಬಿಡಿ, ಲೀಗಲ್ ಹೆಡ್ ಆಗಿ. ಹೇಗೂ ನಿಮ್ಮ ಊರೇ."

ಅವಳು ಹೂಂ ಅಂದಳು. ಬೀಳ್ಕೊಡುಗೆಯ ದಿನ ಕೇಕು ಕತ್ತರಿಸುವಾಗ ಒಬ್ಬೊಬ್ಬರೂ ಒಂದೊಂದು ಹಾರೈಕೆ ಹೇಳಿದರು. ಇನ್ನೇನು, ಸಂಜೆ ಆರಕ್ಕೆಲ್ಲ ಮನೆ ಅಂದರು. ನಿವೃತ್ತರಾದವರು ಹೋಗಿ ನೆಲೆಸುವ ಊರಿಗೇ ಹೊರಟೆಯಲ್ಲ ಅಂದರು. ಒಬ್ಬ ಹಿರಿಯ ಹೆಂಗಸಂತೂ ಕೆನ್ನೆ ಮುಟ್ಟಿ, ಒಳ್ಳೆಯ ತೀರ್ಮಾನ, ಇನ್ನು ಮದುವೆಯ ಬಗ್ಗೆಯೂ ಯೋಚನೆ ಮಾಡಬಹುದು ಎಂದಳು. ಮೂವತ್ತೈದು ವರ್ಷದ ಗಗನ ಕೇಕಿನ ತುಂಡನ್ನು ಬಾಯಿಗೆ ಹಾಕಿಕೊಂಡಳು. ಸುಪ್ರೀತ್ ಪಾರ್ಟ್‌ನರ್ ಆದಾಗ ಅವನ ಮದುವೆಯ ವಿಚಾರವನ್ನು ಯಾರೂ ಎತ್ತಿರಲಿಲ್ಲ.

ಹೊಸ ಕೆಲಸಕ್ಕೆ ಸೇರುವ ಮುಂಚೆ ಇನ್ನೊಂದು ಕೆಲಸ ಆಗಬೇಕಾಗಿತ್ತು. ಕಂಪನಿಯ ಸಂಬಳಕ್ಕೆ ಪೂರ್ತಿ ಹೊತ್ತು ದುಡಿಯುವವರು ವಕೀಲಿ ವೃತ್ತಿ ನಡೆಸುವಂತಿಲ್ಲ ಎನ್ನುವುದು ವಕೀಲರ ಪರಿಷತ್ತಿನ ನಿಯಮ. ಸನ್ನದನ್ನು, ಅಂದರೆ ವಕೀಲಿ ಮಾಡಲು ಪರಿಷತ್ತು ಕೊಟ್ಟ ಪತ್ರವನ್ನು, ಅಲ್ಲಿಗೇ ಒಪ್ಪಿಸಿ ಅರ್ಜಿ ಬರೆದುಕೊಡಬೇಕು. ದಿನವಿಡೀ ಕಾನೂನಿನ ಕೆಲಸವನ್ನೇ ಮಾಡುವವಳನ್ನು ವಕೀಲಳಲ್ಲ ಅನ್ನುವುದು ಯಾವ ನ್ಯಾಯ ಎಂದು ಅವಳಿಗೆ ಅರ್ಥವಾಗಲಿಲ್ಲ. ಆದರೂ ಒಪ್ಪಿಸಿದಳು.

ಮೈಸೂರಿನ ವಿಜಯನಗರದ ಮನೆಯಲ್ಲಿ ಈ ಸುದ್ದಿ ಕೇಳಿ ಅವಳಪ್ಪ ನಿಂಗಯ್ಯ ಊಟದ ತಟ್ಟೆ ಸರಿಸಿದರು. ವರುಣಾ ಕಡೆಯ ಹಳ್ಳಿಯಲ್ಲಿ ಹೊಲ ಉಳುತ್ತಿದ್ದ ಮನೆಯಿಂದ ಬಂದು ಮೈಸೂರು ಕೋರ್ಟಿನಲ್ಲಿ ಅಮೀನರಾಗಿದ್ದವರು ಅವರು. ಮೂವತ್ತೊಂದು ವರ್ಷ ಸೈಕಲ್ಲು ತುಳಿದು ಊರಿನ ಮನೆಮನೆಗೆ ಸಮನ್ಸು, ನೋಟೀಸು ಮುಟ್ಟಿಸಿದ್ದರು. ಕರಿಕೋಟು ತೊಟ್ಟವರು ಎದುರು ಬಂದರೆ ಪಕ್ಕಕ್ಕೆ ಸರಿದು ನಿಂತೇ ಅಷ್ಟೂ ವರ್ಷ ಕಳೆದಿದ್ದರು. ಮಗಳು ಆ ಕೋಟು ತೊಟ್ಟ ದಿನ ಕೋರ್ಟಿನ ಆವರಣದಲ್ಲಿ ಎಲ್ಲರಿಗೂ ಕಾಫಿ ಕುಡಿಸಿದ್ದರು.

"ಸನ್ನದು ವಾಪಸ್ ಕೊಟ್‌ಬುಟ್ಯಾ?"

"ನಿಯಮ ಕಣಪ್ಪ. ಈ ಕೆಲಸ ಬಿಟ್ಟರೆ ಮತ್ತೆ ತಗೋಬಹುದು."

"ಅಲ್ಲೀಗಂಟ ಕೋಟು ಆಕ್ಕೊಳಂಗಿಲ್ಲ?"

"ಇಲ್ಲ."

"ಅಂಗಾದ್ರೆ ನೀನು ಲಾಯರೂ ಅಲ್ಲ, ಗುಮಾಸ್ತೇನೂ ಅಲ್ಲ. ಏನವ್ವ ನೀನು?"

ಉತ್ತರ ಕೊಡಲು ಹೋಗಿ ಅವಳು ಜಗಳವಾಡಿದಳು. ವಾರದ ಮಟ್ಟಿಗೆ ಅಪ್ಪ ಮಗಳ ನಡುವೆ ಮಾತು ನಿಂತಿತು.

ಸಿರಿಮುಡಿಯಲ್ಲಿ ಅವಳು ಏನು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 'ಲೀಗಲ್ ಮೇಡಂ' ಎಂದು ಕರೆಯುತ್ತಿದ್ದರು. ಕ್ಯಾಂಟೀನಿನ ಲೈಸೆನ್ಸು ನವೀಕರಿಸುವುದು ಲೀಗಲ್ ಮೇಡಂ. ಡಬ್ಬದ ಮೇಲೆ ಅಕ್ಷರ ತಪ್ಪಾಗಿದ್ದರೆ ಲೀಗಲ್ ಮೇಡಂ. ವಿಜಯ್‌ಕುಮಾರನ ಷಡ್ಡಕನಿಗೂ ಪಕ್ಕದ ಸೈಟಿನವನಿಗೂ ಕಾಂಪೌಂಡಿನ ತಗಾದೆ ಬಂದರೆ ಅದಕ್ಕೂ ಲೀಗಲ್ ಮೇಡಂ. ನಿಜವಾಗಿ ಕಾನೂನು ನೋಡಬೇಕಾದ ಕರಾರುಗಳು ಮಾತ್ರ ಎಲ್ಲರೂ ಒಪ್ಪಿ ಮುಗಿದ ಮೇಲೆ, ಸಹಿಗೆ ಒಂದು ಗಂಟೆ ಮುಂಚೆ ಅವಳ ಮೇಜಿಗೆ ಬರುತ್ತಿದ್ದವು. ಒಂದು ಸಲ ಹಾಗೆ ಬಂದದ್ದನ್ನು ಓದಿ, ಇದು ಆಗುವುದಿಲ್ಲ ಎಂದಳು. ಮಾರಾಟ ವಿಭಾಗದವರು, ಈಯಮ್ಮ ಕೆಲಸ ಕೆಡಿಸುವುದಕ್ಕೇ ಬಂದಿದ್ದಾಳೆ ಎಂದು ಕಾರಿಡಾರಿನಲ್ಲಿ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅವಳು ಕೋಪವನ್ನು ನುಂಗಿಕೊಂಡಳು. ಆ ವರ್ಷ ಅವಳು ನುಂಗಿದ್ದು ಒಂದೆರಡಲ್ಲ.

ಸೇರಿ ಹದಿನಾಲ್ಕು ತಿಂಗಳಾದ ಮೇಲೆ ಬೆಂಗಳೂರಿನಿಂದ ಸಂಜಯ್ ಒಂದು ದಾವೆಯ ಕರಡು ಕಳಿಸಿದ. ಸಿರಿಮುಡಿಯ ಸೀಗೆಪುಡಿ ಮಾರುಕಟ್ಟೆಯಲ್ಲಿ 'ಹೆರಳು' ಎನ್ನುವ ಹೆಸರಿನಿಂದ ಹೋಗುತ್ತಿತ್ತು. ಕಂಪನಿಗೆ ಅತಿ ಹೆಚ್ಚು ಹೆಸರು ತಂದ ಸರಕು ಅದೇ. ಅದೇ ಹೆಸರಿನ ಡಬ್ಬಗಳನ್ನು ನಜರ್‌ಬಾದಿನ ಸುಂದರಮ್ಮ ಎನ್ನುವ ಹೆಂಗಸು ಮಾರುತ್ತಿದ್ದಾಳೆ, ಅವಳನ್ನು ತಡೆಯಬೇಕು ಎನ್ನುವುದು ದಾವೆ. ಏಳನೆಯ ಪ್ಯಾರಾದಲ್ಲಿ ಹೀಗಿತ್ತು: 'ಹೆರಳು' ಎಂಬ ಹೆಸರನ್ನು ವಾದಿ ಕಂಪನಿಯೇ ಹೊಸದಾಗಿ ಕಲ್ಪಿಸಿ ಎಲ್ಲರಿಗಿಂತ ಮೊದಲು ಬಳಕೆಗೆ ತಂದಿದೆ, ಪ್ರತಿವಾದಿಯು ಇತ್ತೀಚೆಗೆ ದುರುದ್ದೇಶದಿಂದ ಅದನ್ನು ನಕಲು ಮಾಡಿದ್ದಾಳೆ.

ಕೊನೆಯ ಹಾಳೆಯಲ್ಲಿ ಸತ್ಯದ ಹೇಳಿಕೆ. ಮೇಲೆ ಬರೆದದ್ದೆಲ್ಲ ನನ್ನ ತಿಳಿವಳಿಕೆಗೆ ಬಂದಂತೆ ನಿಜ ಎಂದು ಪ್ರಮಾಣ ಮಾಡುವ ಹಾಳೆ. ಅದರ ಕೆಳಗೆ, ಕಂಪನಿಯ ಪರವಾಗಿ ಸಹಿ ಮಾಡುವವರ ಜಾಗದಲ್ಲಿ, ಗಗನ ಬಿನ್ ನಿಂಗಯ್ಯ ಎಂದು ಆಗಲೇ ಟೈಪಾಗಿತ್ತು. ಮಗಳಿಗೆ 'ಬಿಂತ್' ಎಂದಿರಬೇಕಾದದ್ದನ್ನೂ ಗಮನಿಸಿರಲಿಲ್ಲ. ಮಗ ಮಗಳು ಎಂದು ಕೂಡ ನೋಡದೆ ಅವಳನ್ನು ಖಾಲಿ ಜಾಗಕ್ಕೆ ತುಂಬಿದ್ದರು.

ಗಗನ ಆ ಹಾಳೆಯನ್ನು ನೋಡುತ್ತ ಕೂತಳು. ಫರ್ಮಿನಲ್ಲಿದ್ದಾಗ ಇಂಥ ಹಾಳೆಗಳನ್ನು ಅವಳು ನೂರಾರು ತಯಾರಿಸಿದ್ದಳು. ಸಹಿ ಹಾಕುತ್ತಿದ್ದವರು ಬೇರೆ ಯಾರೋ, ಕಂಪನಿಯವರು. ಬರೆದದ್ದು ನಿಜವೋ ಸುಳ್ಳೋ ಎನ್ನುವುದು ಅವರ ತಲೆನೋವು. ಈಗ ಆ ಕಂಪನಿಯವರು ಅಂದರೆ ಅವಳೇ.

ಮೊದಲು ಬಳಸಿದ್ದಕ್ಕೆ ದಾಖಲೆ ಬೇಕಲ್ಲ ಎಂದು ಹಳೆಯ ಕಾಗದಪತ್ರ ನೋಡಿಕೊಳ್ಳುವ ರುದ್ರಸ್ವಾಮಿಯವರನ್ನು ಕೇಳಿದಳು. ದೊಡ್ಡ ಯಜಮಾನರ, ಅಂದರೆ ವಿಜಯ್‌ಕುಮಾರನ ತೀರಿಕೊಂಡ ತಂದೆಯ, ಕಾಲದಿಂದ ಇದ್ದವರು ಅವರು. ಎರಡು ದಿನ ಹುಡುಕಿ ಒಂದು ಫೈಲು ತಂದು ಮೇಜಿನ ಮೇಲಿಟ್ಟು, ಬಾಗಿಲು ಮುಂದೆ ಮಾಡಿದರು.

"ನೀವು ಕೇಳಿದ್ದಕ್ಕೆ ಕೊಡ್ತಾ ಇದೀನಿ ಕಣಮ್ಮ. ಕೇಳದೇ ಇದ್ದಿದ್ರೆ ನಾನಾಗಿ ತೆಗೀತಿರಲಿಲ್ಲ."

ಫೈಲಿನಲ್ಲಿ 2009ರ ಒಂದು ಪತ್ರದ ನಕಲಿತ್ತು. ದೊಡ್ಡ ಯಜಮಾನರೇ ಬರೆದದ್ದು. ನಜರ್‌ಬಾದಿನ ಶ್ರೀಮತಿ ಸುಂದರಮ್ಮನವರಿಗೆ ನಮಸ್ಕಾರಗಳು. ತಾವು ಮೂವತ್ತು ವರ್ಷಗಳಿಂದ ತಯಾರಿಸಿ ಮಾರುತ್ತಿರುವ 'ಹೆರಳು' ಸೀಗೆಪುಡಿಯ ಮಾದರಿ ತಲುಪಿತು. ಬಹಳ ಚೆನ್ನಾಗಿದೆ. ನಮ್ಮ ಅಂಗಡಿಗಳ ಮೂಲಕವೂ ಮಾರಲು ಪ್ರತಿ ತಿಂಗಳು ಕಳಿಸಿಕೊಡಬೇಕಾಗಿ ಕೋರಿಕೆ.

"ಎರಡು ವರ್ಷ ಆಯಮ್ಮನೇ ಪುಡಿ ಕಳಿಸ್ತಿದ್ರು," ಎಂದರು ರುದ್ರಸ್ವಾಮಿ. "ಆಮೇಲೆ ನಾವೇ ಮಿಷನ್ ಹಾಕಿದ್ವಿ, ಹೆಸರನ್ನ ನಾವೇ ರಿಜಿಸ್ಟರ್ ಮಾಡಿಸಿದ್ವಿ. ಆಯಮ್ಮಂಗೆ ಹೇಳ್ಲಿಲ್ಲ. ಹೆಸ್ರು ಅವರದ್ದೇ ಕಣಮ್ಮ. ಹಳಬರಿಗೆಲ್ಲ ಗೊತ್ತು."

ಗಗನ ಪತ್ರ ಹಿಡಿದುಕೊಂಡು ನೇರವಾಗಿ ವಿಜಯ್‌ಕುಮಾರನ ಕೋಣೆಗೆ ಹೋದಳು. ಅವನು ಓದಿದ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವಳು ಗಮನಿಸಿದ್ದು ಅದನ್ನೇ.

"ಇದು ಹಳೇ ಕಾಗದ ಕಣ್ರೀ. ಇದನ್ನ ಹಾಕೋದು ಬೇಡ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಇದೆಯಲ್ಲ, ಅಷ್ಟು ಸಾಕು."

"ಸಾಕಾಗಲ್ಲ ಸರ್. ರಿಜಿಸ್ಟರ್ ಯಾರ ಹೆಸರಲ್ಲಿ ಆಗಿದ್ರೂ ಅದಕ್ಕಿಂತ ಮೊದಲಿಂದ ಬಳಸ್ತಾ ಬಂದವರನ್ನ ತಡೆಯೋ ಹಕ್ಕು ನಮಗಿಲ್ಲ. ಕಾನೂನೇ ಹೇಳುತ್ತೆ."

"ಅದನ್ನ ಆಯಮ್ಮ ಕೋರ್ಟಿಗೆ ಬಂದು ಹೇಳಲಿ. ಬರೋಕೆ ಅವರ ಕೈಲಿ ಆಗಲ್ಲ. ಸಂಜಯ್ ಹೇಳಿದಾರೆ, ಒಂದು ಸ್ಟೇ ಆರ್ಡರ್ ಸಿಕ್ಕರೆ ಅಲ್ಲಿಗೆ ಮುಗೀತು ಅಂತ. ನೀವು ಸಹಿ ಹಾಕಿ ಕಳಿಸಿ."

ಗಗನಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಹೆಂಗಸನ್ನು ಅವಳು ಇನ್ನೂ ಕಣ್ಣಾರೆ ನೋಡಿರಲಿಲ್ಲ. ಒಂಬತ್ತು ವರ್ಷದಲ್ಲಿ ತಾನು ನೋಟೀಸು ಕಳಿಸಿದವರಲ್ಲಿ ಒಬ್ಬರನ್ನೂ ನೋಡಿರಲಿಲ್ಲ ಎನ್ನುವುದು ಅವಳಿಗೆ ಆ ಕೋಣೆಯಿಂದ ಹೊರಗೆ ಬರುವಾಗ ಹೊಳೆಯಿತು. ಅವತ್ತು ಮಧ್ಯಾಹ್ನ ಸ್ಕೂಟರು ಹತ್ತಿ ನಜರ್‌ಬಾದಿಗೆ ಹೋದಳು.

ಓಣಿಯ ತಿರುವಿನಲ್ಲೇ ಸೀಗೆಯ ಘಾಟು ಮೂಗಿಗೆ ಬಂತು. ಹೆಂಚಿನ ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಅಂಗಳದಲ್ಲಿ ಚಾಪೆಯ ಮೇಲೆ ಸೀಗೆಕಾಯಿ, ಮೆಂತ್ಯ, ಒಣಗಿದ ಮತ್ತಿಸೊಪ್ಪು ಹರಡಿದ್ದವು. ಎಪ್ಪತ್ತರ ಆಸುಪಾಸಿನ ಸುಂದರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿ ಜರಡಿ ಹಿಡಿಯುತ್ತಿದ್ದರು. ಬಟ್ಟೆ ಇಳಿಸಿ, "ಎಷ್ಟು ಬೇಕಮ್ಮ?" ಎಂದರು.

"ನಾನು ಸಿರಿಮುಡಿ ಕಂಪನಿಯಿಂದ ಬಂದಿದೀನಿ ಅಮ್ಮ."

ಸುಂದರಮ್ಮನವರ ಕೈ ನಿಂತಿತು. ಜರಡಿಯನ್ನು ಕೆಳಗಿಟ್ಟು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ ಒಂದು ಕಾಗದವಿತ್ತು.

"ಮೂರು ವರ್ಷದ ಹಿಂದೆ ನಿಮ್ ಕಂಪನಿಯಿಂದ ಬಂತು. ನಂಗೆ ಇಂಗ್ಲಿಷ್ ಬರಲ್ಲ. ಪಕ್ಕದ ಮನೆಯೋರು ಓದಿ, ಏಳು ದಿನದೊಳಗೆ ನಿಲ್ಲಿಸದೇ ಇದ್ರೆ ಜೈಲು ಅಂತ ಬರೆದವ್ರೆ ಅಂದ್ರು. ಜೈಲಂತೆ! ನನ್ ಮದುವೆ ಆದ ವರ್ಷ ನಮ್ಮತ್ತೆ ಇಟ್ಟ ಹೆಸರು ಕಣಮ್ಮ ಅದು. ನನ್ ಜಡೆ ನೋಡಿ ಇಟ್ಟಿದ್ದು."

ಗಗನ ಕಾಗದ ತೆಗೆದು ಓದಿದಳು. ಫರ್ಮಿನ ತಲೆಬರಹ. ಸಿವಿಲ್ ಮತ್ತು ಕ್ರಿಮಿನಲ್ ಕ್ರಮಗಳ ಬೆದರಿಕೆ. ಎಲ್ಲ ನೋಟೀಸಿಗೂ ಹಾಕುತ್ತಿದ್ದ ಅದೇ ಸಾಲುಗಳು. ಕೆಳಗೆ ಸಂಜಯ್ ಪರವಾಗಿ ಎಂದು ಬರೆದು ಮಾಡಿದ ಸಹಿ ಅವಳದು.

ಅವಳಿಗೆ ಈ ನೋಟೀಸಿನ ನೆನಪೇ ಇರಲಿಲ್ಲ. ಯಾವುದೋ ಒಂದು ದಿನ, ಹತ್ತರ ಜೊತೆಗೆ ಹನ್ನೊಂದನೆಯದಾಗಿ ಸಹಿ ಹಾಕಿ ಕಳಿಸಿರಬೇಕು. ಸುಮ್ಮನೆ ಮಡಚಿ ವಾಪಸು ಕೊಡಬಹುದಾಗಿತ್ತು. ಸುಂದರಮ್ಮನಿಗೆ ಗೊತ್ತಾಗುತ್ತಿರಲಿಲ್ಲ.

"ಇದು ನನ್ನ ಸಹಿ ಅಮ್ಮ," ಎಂದಳು. "ಇದನ್ನ ಬರೆದೋಳು ನಾನೇ. ಆಗ ಬೆಂಗಳೂರಲ್ಲಿದ್ದೆ."

ಸುಂದರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನಾ? ಕನ್ನಡದೋಳೇ ಅಲ್ವಾ ನೀನು?"

"ಹೂಂ ಅಮ್ಮ. ಇಲ್ಲೇ ವಿಜಯನಗರ."

"ಒಂದ್ಸಲ ಬಂದು ಕೇಳಕ್ಕಾಗ್ಲಿಲ್ವಾ? ಯಾರು ನೀನು, ಎಷ್ಟ್ ವರ್ಷದಿಂದ ಮಾಡ್ತಿದೀಯ ಅಂತ?"

"ಕೇಳೋದು ನನ್ನ ಕೆಲಸ ಆಗಿರಲಿಲ್ಲ."

"ಮತ್ಯಾರ ಕೆಲಸ ಆಗಿತ್ತು?"

ಸುಂದರಮ್ಮನ ದನಿ ಏರಿತು. ಹೆದರಿಕೊಂಡು ಡಬ್ಬದ ಮೇಲಿನ ಹೆಸರಿಗೆ ಬಿಳಿ ಕಾಗದ ಅಂಟಿಸಿದ್ದು, ಮೂವತ್ತು ವರ್ಷದ ಗಿರಾಕಿಗಳು ಇದು ಆ ಪುಡಿ ಅಲ್ಲ ಎಂದು ಹಿಂದಿರುಗಿದ್ದು, ಅಂಗಡಿಯೊಂದರಲ್ಲಿ ಕಂಪನಿಯ ಡಬ್ಬದ ಮೇಲೆ ತಮ್ಮ ಅತ್ತೆ ಇಟ್ಟ ಹೆಸರನ್ನು ಬಣ್ಣಬಣ್ಣದಲ್ಲಿ ಕಂಡದ್ದು, ಕೊನೆಗೊಂದು ದಿನ ಸಾಕಾಗಿ, ಜೈಲಿಗೆ ಹಾಕುವುದಾದರೆ ಹಾಕಲಿ ಎಂದು ಅಂಟಿಸಿದ ಕಾಗದವನ್ನೆಲ್ಲ ತಾವೇ ಉಗುರಿನಿಂದ ಕಿತ್ತು ಎಸೆದದ್ದು, ಎಲ್ಲವನ್ನೂ ಹೇಳಿದರು. ಗಗನ ನಿಂತುಕೊಂಡೇ ಕೇಳಿದಳು. ಕೂರು ಎಂದು ಸುಂದರಮ್ಮ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದಳು. ಹೇಳುವಾಗ ಅವಳಿಗೆ ಯಾರ ಮೇಲೆ ಕೋಪ ಎಂದು ಅವಳಿಗೇ ತಿಳಿಯಲಿಲ್ಲ. ವಿಜಯ್‌ಕುಮಾರನ ಮೇಲೆ, ಸಂಜಯ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಸಹಿಯ ಮೇಲೆ.

"ನಾನು ಬರೀ ತಲುಪಿಸ್ದೋನು ಕಣವ್ವ," ಎಂದರು ನಿಂಗಯ್ಯ. "ಒಳಗೇನು ಬರೆದದೆ ಅಂತ ನಂಗೆ ಬೇಕಾಗಿರ್ನಿಲ್ಲ. ಆದ್ರೆ ಬಾಗ್ಲಿಗೋಗಿ ಕೊಡ್ತಿದ್ದೆ. ತಗೊಂಡೋರ ಮುಖ ನೋಡ್ತಿದ್ದೆ. ಎಷ್ಟೋ ದಿನ ಅನ್ನ ಸೇರ್ತಿರ್ನಿಲ್ಲ. ನೀವು ಬರೆಯೋರು ಮುಖಾನೂ ನೋಡಾಕಿಲ್ವಲ್ಲ."

"ಈಗ ನೋಡಿದೆ ಅಪ್ಪ."

"ನೋಡ್ದೆ ಅಂದ್ಮೇಕೆ ಏನ್ ಮಾಡೀಯೆ?"

ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಹೋಗಿ ಒಂದು ಇಮೇಲು ಬರೆದಳು. ವಿಜಯ್‌ಕುಮಾರನಿಗೆ, ಪ್ರತಿ ಸಂಜಯ್‌ಗೆ. 2009ರ ಪತ್ರವನ್ನು ಜೊತೆಗಿಟ್ಟಳು. ಈ ಹೆಸರನ್ನು ಕಂಪನಿ ಕಲ್ಪಿಸಿದ್ದಲ್ಲ. ಅದು ಸುಂದರಮ್ಮನವರದು ಎನ್ನುವುದು ಕಂಪನಿಗೆ ಮೊದಲಿನಿಂದ ಗೊತ್ತಿದೆ. ಏಳನೆಯ ಪ್ಯಾರಾ ಸುಳ್ಳು. ಸುಳ್ಳಿನ ಕೆಳಗೆ ನಾನು ಪ್ರಮಾಣದ ಸಹಿ ಹಾಕುವುದಿಲ್ಲ. ಬೇರೆ ಯಾರೂ ಹಾಕಬಾರದು ಎನ್ನುವುದು ಕಂಪನಿಗೆ ನನ್ನ ಕಾನೂನು ಸಲಹೆ. ಹೂವು ಬಳ್ಳಿ ಏನೂ ಇಲ್ಲದ ಒಂಬತ್ತು ಸಾಲು. ಎರಡನೆಯ ಸಲ ಓದದೆ ಕಳಿಸಿದಳು.

ಹತ್ತು ನಿಮಿಷಕ್ಕೆ ಸಂಜಯ್ ಫೋನು ಮಾಡಿದ. ಅವನ ದನಿಯಲ್ಲಿ ಆ ದಿನ ಪಾಲಿಶ್ ಇರಲಿಲ್ಲ.

"ಏನು ಮಾಡಿದೀಯ ಗೊತ್ತಾ? ಇದನ್ನೆಲ್ಲ ಯಾಕೆ ಬರೀಬೇಕಾಗಿತ್ತು? ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವಾ? ಈಗ ಇದು ನನ್ನ ಗಮನಕ್ಕೂ ಬಂದ ಹಾಗಾಯ್ತು. ನಾನು ಹೇಗೆ ಈ ದಾವೆ ಹಾಕಲಿ?"

"ಹಾಕಬೇಡಿ ಅಂತಾನೇ ಸರ್ ಬರೆದಿದ್ದು."

"ಒಂಬತ್ತು ವರ್ಷ ನಮ್ಮಲ್ಲಿ ಏನು ಕಲಿತೆ ನೀನು?"

"ನಿಮ್ಮಲ್ಲಿ ಕಲಿತದ್ದನ್ನ ನಿನ್ನೆ ನಜರ್‌ಬಾದಲ್ಲಿ ನೋಡಿಕೊಂಡು ಬಂದೆ," ಎಂದು ಹೇಳಿ ಫೋನಿಟ್ಟಳು.

ವಿಜಯ್‌ಕುಮಾರ್ ಅವಳನ್ನು ಕರೆಸಿಕೊಂಡದ್ದು ಮಧ್ಯಾಹ್ನ. ಕೂರಲು ಅವನೂ ಹೇಳಲಿಲ್ಲ.

"ನೀವು ನಮ್ಮ ಲಾಯರಾ, ಆಯಮ್ಮನ ಲಾಯರಾ?"

"ನಿಮ್ಮ ಲಾಯರೇ ಸರ್. ಅದಕ್ಕೇ ನಿಮಗೆ ಹೇಳಿದ್ದು. ಆಯಮ್ಮಂಗೆ ಈ ಪತ್ರದ ವಿಚಾರ ನಾನು ಹೇಳಿಲ್ಲ."

"ಹಾಗಾದ್ರೆ ಇದು ನಮ್ಮಿಬ್ಬರ ನಡುವಿನ ಗುಟ್ಟು. ವಕೀಲರು ಕ್ಲೈಂಟಿಗೆ ಹೇಳಿದ ಮಾತನ್ನ ಕೋರ್ಟೂ ಕೇಳೋಹಾಗಿಲ್ಲ. ಆ ಮೇಲ್ ಅಳಿಸಿಬಿಡಿ, ನಾನೂ ಅಳಿಸ್ತೀನಿ."

"ಆ ರಕ್ಷಣೆ ಇರೋದು ಸನ್ನದು ಇಟ್ಟುಕೊಂಡು ವಕೀಲಿ ಮಾಡೋರಿಗೆ," ಎಂದಳು ಗಗನ. "ನಾನು ಅದನ್ನ ಒಪ್ಪಿಸಿ ನಿಮ್ಮ ಸಂಬಳಕ್ಕೆ ಸೇರಿದೀನಿ. ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ, ನನ್ನಂಥೋರಿಗೆ ಅದು ಸಿಗಲ್ಲ ಅಂತ. ನಾನು ಬರೆದಿದ್ದನ್ನ ನಾಳೆ ಕೋರ್ಟು ಕೇಳಿದ್ರೆ ಕೊಡಬೇಕಾಗಿ ಬರಬಹುದು. ಅಳಿಸಿದ್ರೆ ಅದೊಂದು ಬೇರೆ ಅಪರಾಧ."

ಅವನು ಮೇಜನ್ನು ಗುದ್ದಿದ. ನಿಮ್ಮನ್ನು ಕರೆದು ತಂದದ್ದು ನಾನು ಎಂದ. ಅಲ್ಲಿ ಮೂಲೆಯಲ್ಲಿ ಕೂತಿದ್ದವರಿಗೆ ಇಲ್ಲಿ ಕೋಣೆ ಕೊಟ್ಟೆ, ಹೆಸರಿನ ಬೋರ್ಡು ಕೊಟ್ಟೆ ಎಂದ. ಇನ್ನು ಮೇಲೆ ನಿಮ್ಮ ಅಗತ್ಯ ಇಲ್ಲ ಎಂದುಕೊಳ್ಳಿ ಎಂದ.

ಗಗನಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಈ ಮನುಷ್ಯನ ಎದುರು ಅಳಬಾರದು ಎಂದು ಹಲ್ಲು ಕಚ್ಚಿದಳು.

"ತೆಗೀಬೇಕು ಅಂದ್ರೆ ತೆಗೀರಿ ಸರ್. ಆದರೆ ಬರವಣಿಗೆಯಲ್ಲಿ ಕೊಡಿ. ಯಾವ ಕಾರಣಕ್ಕೆ ಅನ್ನೋದನ್ನೂ ಬರೀರಿ."

ಅವನು ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ. ಮುಂದಿನ ಐದು ವಾರ ಅವನು ಅವಳೊಂದಿಗೆ ಮಾತೂ ಆಡಲಿಲ್ಲ. ಸಭೆಗಳಿಗೆ ಕರೆಯುವುದು ನಿಂತಿತು. ಕರಾರುಗಳು ಅವಳ ಮೇಜನ್ನು ದಾಟಿ ಹೋದವು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿನಿಂದ ಜನ ಮೆಲ್ಲಗೆ ಎದ್ದುಹೋಗುತ್ತಿದ್ದರು. ರುದ್ರಸ್ವಾಮಿ ಒಬ್ಬರು ಮಾತ್ರ ತಮ್ಮ ಊಟದ ಡಬ್ಬಿ ತಂದು ಎದುರಿಗೆ ಕೂತು, ಹುರುಳಿಕಾಳಿನ ಸಾರು ಬಡಿಸುತ್ತಿದ್ದರು. ಅವರ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು, ಯಾರಿಗೂ ಹೆದರಬೇಕಾಗಿರಲಿಲ್ಲ.

ಈ ನಡುವೆ ಸಂಜಯ್ ಆ ದಾವೆ ತನ್ನಿಂದಾಗದು ಎಂದು ಕೈ ಚೆಲ್ಲಿದ. ವಿಜಯ್‌ಕುಮಾರ್ ಮೈಸೂರಿನ ಹಿರಿಯ ವಕೀಲರೊಬ್ಬರ ಹತ್ತಿರ ಹೋಗಿ ಸಲಹೆ ಕೇಳಿದ. ಅವರು ಪತ್ರ ಓದಿ, ಗಗನ ಒಂಬತ್ತು ಸಾಲಿನಲ್ಲಿ ಬರೆದದ್ದನ್ನೇ ಹನ್ನೆರಡು ಪುಟಗಳಲ್ಲಿ ಬರೆದುಕೊಟ್ಟರು. ಗಂಡಸೊಬ್ಬನ ಬಾಯಿಂದ, ಕರಿಕೋಟಿನ ಒಳಗಿಂದ ಬಂದ ಮೇಲೆ ಅದೇ ಮಾತು ಅವನಿಗೆ ಕಾನೂನಾಗಿ ಕೇಳಿಸಿತು. ಅದೂ ಅವಳಿಗೆ ಉರಿಯಿತು.

ದಾವೆ ಹಾಕುವ ಮಾತು ಬಿದ್ದುಹೋಯಿತು. ಸಾಲದು ಎಂದಳು ಗಗನ. ಮೂರು ವರ್ಷದ ಹಿಂದಿನ ನೋಟೀಸನ್ನು ಕಂಪನಿ ಬರೆದು ಹಿಂತೆಗೆದುಕೊಳ್ಳಬೇಕು ಎಂದು ಪಟ್ಟು ಹಿಡಿದಳು. ಇಲ್ಲದಿದ್ದರೆ ಆ ಹೆಂಗಸು ಇನ್ನು ಇರುವಷ್ಟು ಕಾಲವೂ ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಬೇಕಾಗುತ್ತದೆ. ಅವಳೇ ಕನ್ನಡದಲ್ಲಿ ಪತ್ರ ಬರೆದಳು. 'ವಿಷಾದಿಸುತ್ತೇವೆ' ಎನ್ನುವ ಪದವನ್ನು ವಿಜಯ್‌ಕುಮಾರ್ ಹೊಡೆದುಹಾಕಿದ. ಅವಳು ಮತ್ತೆ ಸೇರಿಸಿದಳು. ಅವನು ಮತ್ತೆ ಹೊಡೆದ. ಮೂರನೆಯ ಸಲ ಆ ಪದ ಉಳಿಯಿತು. 'ಈ ಹೆಸರು ಮೊದಲಿನಿಂದಲೂ ತಮ್ಮದೇ' ಎನ್ನುವ ಸಾಲು ಮಾತ್ರ ಉಳಿಯಲಿಲ್ಲ. ತಾವು ಬಳಸುವುದಕ್ಕೆ ನಮ್ಮ ಆಕ್ಷೇಪಣೆ ಇಲ್ಲ ಎನ್ನುವಷ್ಟಕ್ಕೇ ಅವನು ಸಹಿ ಹಾಕಿದ.

ಪತ್ರವನ್ನು ಅಂಚೆಗೆ ಹಾಕದೆ ಗಗನ ತಾನೇ ಒಯ್ದಳು. ನಿಂಗಯ್ಯ, ನಾನೂ ಬತ್ತೀನಿ ಎಂದು ಸ್ಕೂಟರಿನ ಹಿಂದೆ ಕೂತರು. ಸುಂದರಮ್ಮನ ಎದುರು ಅವಳು ಪತ್ರವನ್ನು ನಿಧಾನವಾಗಿ, ಒಂದು ಅಕ್ಷರ ಬಿಡದೆ ಓದಿದಳು.

"ಆಕ್ಷೇಪಣೆ ಇಲ್ವಂತಾ?" ಎಂದರು ಸುಂದರಮ್ಮ. "ನನ್ ಹೆಸ್ರು ನಾನಿಟ್ಕೊಳಕ್ಕೆ ಅವರ ಆಕ್ಷೇಪಣೆ ಯಾರು ಕೇಳಿದ್ರು? ನಂದು ಅಂತ ಬರೆದವ್ರಾ?"

"ಇಲ್ಲ ಅಮ್ಮ. ಎಷ್ಟು ಹೇಳಿದ್ರೂ ಅದಕ್ಕೆ ಒಪ್ಪಲಿಲ್ಲ."

"ಮತ್ತೆ ಅವರ ಡಬ್ಬ?"

"ಅವರೂ ಮಾರ್ತಾರೆ. ಅದನ್ನ ತಡೀಬೇಕು ಅಂದ್ರೆ ನೀವೇ ಕೇಸು ಹಾಕಬೇಕು. ನಾನು ಕಂಪನಿಯೋಳು, ನಾನು ಹೇಳಿಕೊಡೋ ಹಾಗಿಲ್ಲ. ಬೇರೆ ಒಳ್ಳೆ ವಕೀಲರನ್ನ ಕೇಳಿ ಅಂತ ಮಾತ್ರ ಹೇಳಬಲ್ಲೆ."

"ಹೂಂ," ಎಂದರು ಸುಂದರಮ್ಮ. ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿದರು. "ನೀನು ಬಂದು ಓದಿ ಹೇಳ್ದೆಯಲ್ಲ, ಅದೊಂದು ಸರಿ. ಮಾಡಿದ್ದು ಮಾತ್ರ ನಾನು ಮರೆಯಲ್ಲ ಕಣಮ್ಮ."

"ಮರೀಬೇಡಿ," ಎಂದಳು ಗಗನ. ಅದು ಅವಳಿಗೆ ನ್ಯಾಯವಾಗಿಯೇ ಕಂಡಿತು. ಹಿಂದಿರುಗುವಾಗ ನಿಂಗಯ್ಯ, ಆಯಮ್ಮ ಸರಿಯಾಗೇ ಕೇಳುದ್ರು, ಅರ್ಧ ಕೊಟ್ಟು ಪೂರ್ತಿ ಕೊಟ್ಟೋರಂಗೆ ಮಾಡವ್ನೆ ನಿಮ್ಮ ಯಜಮಾನ ಎಂದು ವಿಜಯನಗರದವರೆಗೂ ಗೊಣಗಿದರು.

ಅವಳು ಸಿರಿಮುಡಿಯಲ್ಲಿ ಈಗಲೂ ಇದ್ದಾಳೆ. ಬಿಟ್ಟುಹೋಗು ಎಂದು ಹೇಳಿದವರಿಗೆ, ನಾನು ಹೋದರೆ ಆ ಕುರ್ಚಿಯಲ್ಲಿ ಸಹಿ ಹಾಕುವವರನ್ನು ತಂದು ಕೂರಿಸುತ್ತಾರೆ ಎಂದು ಉತ್ತರ ಕೊಡುತ್ತಾಳೆ. ಅವಳು ಹೋಗಿ ಎದುರಿನವರನ್ನು ಕಂಡು ಬರದೆ ಕಂಪನಿಯಿಂದ ಯಾರಿಗೂ ನೋಟೀಸು ಹೋಗಬಾರದು ಎಂಬ ನಿಯಮವನ್ನು ಜಗಳವಾಡಿಯೇ ಮಾಡಿಸಿಕೊಂಡಳು. ಉದಯಗಿರಿಯ ಒಬ್ಬ ಸಣ್ಣ ವ್ಯಾಪಾರಿಯನ್ನು ಹಾಗೆ ನೋಡಿಬಂದು, ಇವನು ನಿಜಕ್ಕೂ ನಕಲು ಮಾಡುತ್ತಿದ್ದಾನೆ ಎಂದು ಬರೆದು, ನೋಟೀಸನ್ನೂ ತಾನೇ ಕೈಯಾರೆ ಕೊಟ್ಟು ಬಂದಳು.

ಕಳೆದ ತಿಂಗಳು ಮುಂಬಯಿಯಿಂದ ದೊಡ್ಡ ವಿತರಕರೊಬ್ಬರು ಬಂದಿದ್ದರು. ವಿಜಯ್‌ಕುಮಾರ್ ಎಲ್ಲರ ಪರಿಚಯ ಮಾಡಿಸುತ್ತ ಅವಳ ಹತ್ತಿರ ಬಂದಾಗ, "ಇವರು ನಮ್ಮ ಲೀಗಲ್ ಮೇಡಂ. ಎಲ್ಲದಕ್ಕೂ ಆಗಲ್ಲ ಅನ್ನೋದು ಇವರ ಕೆಲಸ," ಎಂದ. ಸಭೆಯಲ್ಲಿದ್ದವರು ನಕ್ಕರು. ಗಗನ ನಗಲಿಲ್ಲ. ಅವರ ಕರಾರಿನ ಹದಿನಾರನೆಯ ಪುಟ ತೆರೆದು ಮೇಜಿನ ಮೇಲಿಟ್ಟು, "ಇದು ಆಗಲ್ಲ," ಎಂದಳು.